ನೆಲನೋಡಿಯ ನಕ್ಷೆ

ಭೂಗೋಳದ ಟೀಚರಿಗೆ ದಿಕ್ಕೇ ಗೊತ್ತಾಗುತ್ತಿರಲಿಲ್ಲ. ನಗಬೇಡಿ, ಸತ್ಯವಾದ ಮಾತು. ಯಾವ ನದಿ ಎಲ್ಲಿ ಹುಟ್ಟಿ ಯಾವ ಸಮುದ್ರ ಸೇರುತ್ತದೆ ಅಂತ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಪಟಪಟ ಹೇಳಿಬಿಡುತ್ತಿದ್ದಳು. ಆದರೆ ಬಟ್ಟೆ ಅಂಗಡಿಯ ಒಂದು ಬಾಗಿಲಿಂದ ಒಳಗೆ ಹೋಗಿ ಇನ್ನೊಂದು ಬಾಗಿಲಿಂದ ಹೊರಗೆ ಬಂದಳೋ, ಮುಗಿಯಿತು. ತಕ್ಷಣ ಗಂಡನಿಗೆ ಫೋನು. "ರೀ, ನಾನು ಎಲ್ಲಿದೀನಿ?" ಆ ಪುಣ್ಯಾತ್ಮ ಸಿಟ್ಟಾಗುತ್ತಿರಲಿಲ್ಲ. "ಎದುರಿಗೆ ಏನು ಕಾಣ್ತಿದೆ ಹೇಳು" ಅನ್ನುತ್ತಿದ್ದ. "ಒಂದು ಬಿಳಿ ಕಾರು ನಿಂತಿದೆ." "ಅದು ಹೊರಟುಹೋದ್ರೆ ಏನೇ ಮಾಡ್ತೀಯ?" ಒಂದು ಸಲವಂತೂ ಶಾಲೆಯ ಎದುರಿನ ಸ್ಟಾಪಿನಲ್ಲಿ ಬಸ್ಸು ಹತ್ತಿ, ಮನೆಗೆ ಹೋಗುವ ಬದಲು ಊರಿನ ಆಚೆ ಕೊನೆ ತಲುಪಿ, ಬಸ್ಸು ಖಾಲಿಯಾದ ಮೇಲೆ ಕಂಡಕ್ಟರನ ಮುಖ ನೋಡಿಕೊಂಡು ಕೂತಿದ್ದಳು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ.

ಶಾಲೆಯಲ್ಲಿ ಈ ಗುಟ್ಟು ಯಾರಿಗೂ ಗೊತ್ತಿರಲಿಲ್ಲ. ತನ್ನ ಪಾಡಿಗೆ ತಾನು ಪಾಠ ಮಾಡಿಕೊಂಡು, ಗೋಡೆಯ ಮೇಲಿನ ಭೂಪಟಕ್ಕೆ ಕೋಲು ತೋರಿಸಿಕೊಂಡು ಮರ್ಯಾದೆಯಿಂದ ದಿನ ದೂಡುತ್ತಿದ್ದಳು. ಒಂದು ದಿನ ಐದನೇ ಕ್ಲಾಸಿನಲ್ಲಿ ಸುಮ್ಮನೆ ಕೇಳಿದಳು: "ಉತ್ತರ ದಿಕ್ಕು ಎಲ್ಲಿದೆ, ಎಲ್ಲರೂ ಕೈ ಮಾಡಿ ತೋರಿಸಿ ನೋಡೋಣ."

ಇಡೀ ಕ್ಲಾಸು ಮಾಡಿನ ಕಡೆ ಕೈ ಎತ್ತಿ ತೋರಿಸಿತು.

"ಅಲ್ಲಿ ಏನಿದೆ?" ಅಂದಳು.

"ಫ್ಯಾನು, ಟೀಚರ್" ಅಂದ ಮುಂದಿನ ಬೆಂಚಿನ ಬಾಯಿಬಡುಕ. "ಭೂಪಟದಲ್ಲಿ ಉತ್ತರ ಮೇಲ್ಗಡೆ ತಾನೇ ಇರೋದು?"

ತಪ್ಪು ಮಕ್ಕಳದಲ್ಲ. ಶಾಲೆಗೆ ಸೇರಿದಾಗಿಂದ ಭೂಪಟ ಗೋಡೆಗೆ ನೇತುಬಿದ್ದಿರುವುದನ್ನೇ ಕಂಡವರು ಅವರು. ಅವರ ಲೆಕ್ಕದಲ್ಲಿ ಉತ್ತರ ಧ್ರುವಕ್ಕೆ ಹೋಗಬೇಕೆಂದರೆ ಏಣಿ ಬೇಕು. ಟೀಚರಿಗೆ ನಗು ಬಂತು, ಹಿಂದೆಯೇ ನಾಚಿಕೆಯೂ ಆಯಿತು. ಯಾಕೆಂದರೆ ಆ ಕೋಣೆಯಲ್ಲಿ ಉತ್ತರ ನಿಜವಾಗಿ ಯಾವ ಕಡೆ ಅಂತ ಅವಳಿಗೂ ಗೊತ್ತಿರಲಿಲ್ಲ.

ಅವತ್ತೇ ಭೂಪಟವನ್ನು ಗೋಡೆಯಿಂದ ಇಳಿಸಿದಳು. ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ಒಂದು ಕೋಲು ನೆಟ್ಟು, ನೆರಳು ಯಾವ ಕಡೆ ಸರಿಯುತ್ತದೆ ಅಂತ ನೋಡಿ, ಕೊನೆಗೂ ಉತ್ತರವನ್ನು ಪತ್ತೆಮಾಡಿದ್ದಾಯಿತು. ನೋಡಿದರೆ ಅದು ಶಾಲೆಯ ಕಕ್ಕಸಿನ ಕಡೆ ಇತ್ತು. ಮಕ್ಕಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. "ಟೀಚರ್, ಉತ್ತರ ದಿಕ್ಕಿಗೆ ಹೋಗಿ ಬರಲಾ?" ಅಂತ ಬೆರಳೆತ್ತಿ ಕೇಳುವುದು ಶುರುವಾಯಿತು. ಭೂಪಟವನ್ನು ಕ್ಲಾಸಿನ ನೆಲದ ಮೇಲೆ ದಿಕ್ಕಿಗೆ ಸರಿಯಾಗಿ ಹಾಸಿದರು. ಶೂ ಕಳಚಿಟ್ಟು ಸಮುದ್ರ ದಾಟಿದರು. ಕಿತ್ತಳೆಯ ಸಿಪ್ಪೆ ಹರಿಯದಂತೆ ಸುಲಿದು ಚಪ್ಪಟೆ ಮಾಡಲು ನೋಡಿ, ಆಗದೆ, ಉಂಡೆ ಭೂಮಿಯನ್ನು ಕಾಗದದ ಮೇಲೆ ಇಳಿಸುವುದು ಎಂಥ ಪೀಕಲಾಟ ಅಂತ ತಿಳಿದುಕೊಂಡು, ಹಣ್ಣನ್ನು ತಿಂದು ಮುಗಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ನಾವು ತಿರುಗಿದಾಗೆಲ್ಲ ಕೈಯಲ್ಲಿರುವ ನಕ್ಷೆಯನ್ನೂ ತಿರುಗಿಸಬೇಕು, ಕಾಗದದ ದಾರಿ ಮತ್ತು ಕಾಲಿನ ದಾರಿ ಒಂದೇ ಕಡೆ ಮುಖ ಮಾಡಿರಬೇಕು ಅನ್ನುವ ಆಟ ಕಲಿತರು. ಟೀಚರಂತೂ ಅದನ್ನು ಮಕ್ಕಳಿಗಿಂತ ಹೆಚ್ಚು ಶ್ರದ್ಧೆಯಿಂದ ಕಲಿತಳು.

ಆ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಯಾವಾಗ ನೋಡಿದರೂ ತಲೆ ತಗ್ಗಿಸಿ ನೆಲ ನೋಡಿಕೊಂಡೇ ಇರುವವಳು. ಮಕ್ಕಳ ಬಾಯಿ ಕೇಳಬೇಕೇ, ಅವಳಿಗೆ ನೆಲನೋಡಿ ಅಂತ ಹೆಸರಿಟ್ಟಿದ್ದರು. ಶಾಲೆ ಬಿಟ್ಟ ಮೇಲೆ ಎಲ್ಲರೂ ಗೇಟು ದಾಟಿ ಚೆಲ್ಲಾಪಿಲ್ಲಿಯಾದರೆ ಇವಳು ಮಾತ್ರ ಗೇಟಿನ ಒಳಗೆ, ಕಂಬಕ್ಕೆ ಬೆನ್ನು ಕೊಟ್ಟು ನಿಂತಿರುತ್ತಿದ್ದಳು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಅಮ್ಮ ಏದುಸಿರು ಬಿಡುತ್ತಾ ಬಂದು ಕೈ ಹಿಡಿಯುವ ತನಕ ಒಂದು ಹೆಜ್ಜೆ ಆಚೆ ಇಡುತ್ತಿರಲಿಲ್ಲ.

ಒಂದು ಸಂಜೆ ಆ ಅಮ್ಮ ಟೀಚರ ಹತ್ತಿರ ಬಂದು ನಿಂತಳು. "ಇವಳ ಟಿ.ಸಿ. ತಗೋಬೇಕಾಗಬಹುದು, ಯಾರನ್ನ ಕೇಳ್ಬೇಕು ಟೀಚರ್?" ಅಂದಳು.

ಟೀಚರು ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟಳು. "ಯಾಕಮ್ಮ, ಏನಾಯ್ತು?"

ಆದದ್ದು ಇಷ್ಟು. ಹುಡುಗಿಯ ಅಪ್ಪ ಹಡಗಿನಲ್ಲಿ ಇಂಜಿನ್ ಮೆಕ್ಯಾನಿಕ್. ವರ್ಷಕ್ಕೊಮ್ಮೆ ಬಂದರೆ ಬಂದ. ಹುಡುಗಿಯನ್ನು ಶಾಲೆಗೆ ಬಿಡುವುದು, ಕರೆತರುವುದು ಎಲ್ಲ ಅಜ್ಜಿಯದೇ ಕೆಲಸವಾಗಿತ್ತು. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಈಗ ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಾಳೆ, ಬಾಗಿಲು ತೆಗೆಯುತ್ತಾಳೆ, ಮೊಮ್ಮಗಳಿಗೆ ತಿನ್ನಲು ಕೊಡುತ್ತಾಳೆ, ಆದರೆ ಮೆಟ್ಟಿಲು ಇಳಿಯುವಂತಿಲ್ಲ. ಅಜ್ಜಿ ಬಿದ್ದ ಮರುವಾರ ಹುಡುಗಿ ಒಬ್ಬಳೇ ಮನೆಗೆ ಹೊರಟು ಕಳೆದುಹೋಗಿದ್ದಳು. ಕತ್ತಲಾಗುವ ಹೊತ್ತಿಗೆ ಎಲ್ಲೋ ಒಂದು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ತೊಯ್ದು ತೊಪ್ಪೆಯಾಗಿ ಕೂತಿದ್ದವಳನ್ನು ಯಾರೋ ಕಂಡು ತಂದುಬಿಟ್ಟರು. ಅವತ್ತಿನಿಂದ ಗೇಟು ದಾಟುವುದಿಲ್ಲ. ಲ್ಯಾಬಿನಲ್ಲಿ ಈ ತಿಂಗಳ ಕೊನೆಯ ತನಕ ಸಂಜೆ ಸ್ವಲ್ಪ ಹೊತ್ತು ಬಿಡುತ್ತಾರೆ, ಆಮೇಲೆ ಖಂಡಿತ ಬಿಡುವುದಿಲ್ಲ.

"ಬೇರೆ ಊರಲ್ಲಿ ನಮ್ಮಣ್ಣ ಇದಾನೆ. ಅಲ್ಲಿಗೆ ಕಳಿಸ್ತೀನಿ. ಅತ್ತಿಗೆ ಒಳ್ಳೆಯವಳೇ, ಚೆನ್ನಾಗೇ ನೋಡ್ಕೊತಾಳೆ" ಅಂದಳು ಅಮ್ಮ. ಹೇಳುತ್ತಾ ಮಗಳ ಜಡೆ ಸರಿಮಾಡಿದಳು. "ಇವಳಿಲ್ಲದೆ ನಾನೂ ನಮ್ಮತ್ತೆಯೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಹೇಗಿರೋದೋ ಗೊತ್ತಿಲ್ಲ ಟೀಚರ್."

ಹುಡುಗಿ ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದಳು. ಟೀಚರಿಗೆ ಅವಳ ನೆತ್ತಿಯ ಬೈತಲೆಯಷ್ಟೇ ಕಂಡಿತು. ಕಳೆದುಹೋಗುವುದೆಂದರೆ ಏನು ಅಂತ ಆ ಶಾಲೆಯಲ್ಲಿ ಬೇರೆ ಯಾರಿಗಾದರೂ ಗೊತ್ತಿತ್ತೇ? ಕಾಲು ಮರಗಟ್ಟುವುದು, ಎಲ್ಲ ಬೀದಿಗಳೂ ಒಂದೇ ತರ ಕಾಣುವುದು, ಯಾರನ್ನಾದರೂ ಕೇಳೋಣವೆಂದರೆ ನಾಲಗೆ ಏಳದಿರುವುದು. ದೊಡ್ಡವಳಾಗಿ ತನಗೇ ಹೀಗಾದರೆ ಈ ಕೂಸಿಗೆ ಹೇಗಾಗಿರಬೇಡ ಅಂದುಕೊಂಡಳು.

"ತಿಂಗಳ ಕೊನೆ ತನಕ ತಡೀರಿ. ಆಮೇಲೆ ನೋಡೋಣ" ಅಂದುಬಿಟ್ಟಳು. ಅಂದಮೇಲೆ, ಯಾವ ಧೈರ್ಯದ ಮೇಲೆ ಅಂದೆನಪ್ಪ ಅಂತ ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು.

ಮರುದಿನ ಕ್ಲಾಸಿಗೆ ಹೊಸ ಆಟ. ಶಾಲೆಯಿಂದ ನಿಮ್ಮ ನಿಮ್ಮ ಮನೆಗೆ ಹೋಗುವ ದಾರಿಯ ನಕ್ಷೆ ಬರೆಯಿರಿ. ಒಬ್ಬ ಅಂಗಡಿಗಳನ್ನು ಬರೆದ, ಒಬ್ಬಳು ನಾಯಿಗಳಿರುವ ಮನೆಗಳನ್ನಷ್ಟೇ ಬರೆದಳು, ಬಾಯಿಬಡುಕ ಎಲ್ಲೆಲ್ಲಿ ಏನೇನು ವಾಸನೆ ಬರುತ್ತದೆ ಅಂತ ಮೂಗಿನ ಚಿತ್ರ ಬಿಡಿಸಿದ. ನೆಲನೋಡಿಯ ಹಾಳೆಯಲ್ಲಿ ಒಂದು ಮನೆ ಇಲ್ಲ, ಮರ ಇಲ್ಲ, ಬೋರ್ಡಿಲ್ಲ. ಬರೀ ದುಂಡಗಿನ, ಚೌಕದ ಆಕಾರಗಳು, ಒಳಗೆ ಚುಕ್ಕಿ, ಗೀಟು.

"ಟೀಚರ್, ನೆಲನೋಡಿ ಬಿಸ್ಕತ್ತು ಬಿಡಿಸಿದಾಳೆ" ಅಂದ ಬಾಯಿಬಡುಕ. ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಟೀಚರು ಹುಡುಗಿಯ ಪಕ್ಕ ಬೆಂಚಿನ ಮೇಲೆ ಕೂತಳು. "ಇದೇನಮ್ಮ ಪುಟ್ಟಿ?"

"ಚರಂಡಿ ಮುಚ್ಚಳ" ಅಂತ ಹುಡುಗಿ ಮೆಲ್ಲಗೆ ಅಂದಳು. "ಇದರ ಮೇಲೆ ಚೌಕ ಚೌಕ ಇದೆ. ಆಮೇಲೆ ಇದು ಬರತ್ತೆ, ಚುಕ್ಕಿ ಇರೋದು. ಇಲ್ಲಿ ಸಿಮೆಂಟು ಹಸಿ ಇದ್ದಾಗ ಬೆಕ್ಕು ನಡೆದುಹೋಗಿದೆ. ಇಲ್ಲಿ ಮೂಲೆ ಒಡೆದಿದೆ, ಅಜ್ಜಿ ಕೋಲು ಸಿಕ್ಕಿಹಾಕಿಕೊಳ್ಳತ್ತೆ. ಅಲ್ಲಿ ಎಡಕ್ಕೆ ತಿರುಗಬೇಕು."

"ಅಷ್ಟೊಂದು ನೆಲ ಯಾಕೆ ನೋಡ್ತೀಯ?"

"ಅಜ್ಜಿಗೆ ಬೀಳೋ ಭಯ. ನೆಲ ನೋಡ್ಕೊಂಡು ನಡಿ ಮಗಾ, ಎಲ್ಲಿ ಗುಂಡಿ ಇದೆ ನಂಗೆ ಹೇಳು ಅಂತಿದ್ರು. ನಾನೇ ನೋಡಿ ಹೇಳ್ತಿದ್ದೆ."

ಟೀಚರು ಆ ಹಾಳೆಯನ್ನು ಹಿಡಿದುಕೊಂಡು ಇಡೀ ಕ್ಲಾಸನ್ನು ಗೇಟಿನ ಆಚೆ ಹೊರಡಿಸಿದಳು. ಹುಡುಗಿ ಟೀಚರ ಸೆರಗು ಹಿಡಿದುಕೊಂಡು ಬಂದಳು. ಚೌಕದ ಮುಚ್ಚಳ ಇತ್ತು. ಚುಕ್ಕಿಯ ಮುಚ್ಚಳ ಇತ್ತು. ಸಿಮೆಂಟಿನ ಮೇಲೆ ಬೆಕ್ಕಿನ ಹೆಜ್ಜೆ ಸಾಲಾಗಿ ಇತ್ತು. ಪ್ರತಿದಿನ ಅದರ ಮೇಲೇ ಓಡಾಡುವ ಮಕ್ಕಳು ಬಗ್ಗಿ ಬಗ್ಗಿ ನೋಡಿ ಬಾಯಿ ಬಿಟ್ಟುಕೊಂಡರು. ಬಿಸ್ಕತ್ತು ಅಂದಿದ್ದ ಬಾಯಿಬಡುಕ ಬೆಕ್ಕಿನ ಹೆಜ್ಜೆಯ ಮೇಲೆ ಕೈಯಿಟ್ಟು, "ನಂಗೂ ಒಂದು ಹೀಗೆ ಬರೆದುಕೊಡೇ" ಅಂದ.

"ಇಷ್ಟೆಲ್ಲ ಗೊತ್ತಿದ್ದೂ ಅವತ್ತು ಯಾಕಮ್ಮ ಕಳೆದುಹೋದೆ?" ಅಂತ ಟೀಚರು ವಾಪಸ್ಸು ಬರುವಾಗ ಕೇಳಿದಳು.

"ಅವತ್ತು ಮಳೆ ಬಂದಿತ್ತು. ರಸ್ತೆ ತುಂಬ ನೀರು ನಿಂತಿತ್ತು. ನೆಲ ಕಾಣಲಿಲ್ಲ."

ಅಲ್ಲಿಗೆ ಟೀಚರಿಗೆ ದಾರಿ ಹೊಳೆಯಿತು. ಮರುದಿನ ದೊಡ್ಡ ಹಾಳೆಯ ಮೇಲೆ ನೆಲನೋಡಿಯ ನಕ್ಷೆಯನ್ನು ಬರೆಸಿ, ಆ ದಾರಿ ಗೊತ್ತಿದ್ದ ಮಕ್ಕಳೆಲ್ಲ ಒಂದೊಂದು ಗುರುತು ಸಾಲ ಕೊಡಬೇಕು ಅಂದಳು. ಶರತ್ತು ಒಂದೇ: ನೆಲದ ಮೇಲೆ ಇರುವುದು ಬೇಡ, ತಲೆ ಎತ್ತಿದರೆ ಕಾಣುವುದು, ಕಿವಿಗೆ ಕೇಳುವುದು, ಮೂಗಿಗೆ ಬಡಿಯುವುದು ಬೇಕು. ಬಾಯಿಬಡುಕ ಬೇಕರಿಯ ವಾಸನೆ ಕೊಟ್ಟ. ಒಬ್ಬಳು ದರ್ಜಿಯ ಅಂಗಡಿಯ ಮೆಷಿನ್ನಿನ ಸದ್ದು ಕೊಟ್ಟಳು. ನೆಲನೋಡಿಯ ಮನೆಯ ಹಿಂದಿನ ಬೀದಿಯ ಹುಡುಗ, "ಅವಳ ಮನೆ ತಾರಸಿ ಮೇಲೆ ನೀಲಿ ನೀರಿನ ಟ್ಯಾಂಕ್ ಇದೆ ಟೀಚರ್, ದೂರದಿಂದ್ಲೇ ಕಾಣತ್ತೆ" ಅಂದ. ಹುಡುಗಿ ಅಚ್ಚರಿಪಟ್ಟಳು. ತನ್ನ ಮನೆಯ ಟ್ಯಾಂಕು ಯಾವ ಬಣ್ಣ ಅಂತ ಅವಳಿಗೆ ಗೊತ್ತೇ ಇರಲಿಲ್ಲ.

ದಿನಾ ಸಂಜೆ ಅಮ್ಮನ ಜೊತೆ ನಡೆಯುವಾಗ ಅವಳು ಒಂದೊಂದೇ ಗುರುತನ್ನು ಹುಡುಕಿ, ಸಿಕ್ಕಿದ್ದಕ್ಕೆ ಬಣ್ಣ ಹಚ್ಚಿಕೊಂಡು ಬಂದಳು. ತಿಂಗಳು ಕೊನೆಗೆ ಬಂತು. ಒಂದು ಶುಕ್ರವಾರ ಪರೀಕ್ಷೆ ಅಂತ ನಿಶ್ಚಯವಾಯಿತು. ಅಮ್ಮ ರಜೆ ಹಾಕಿ ಮನೆಯಲ್ಲೇ ಕಾಯುವುದು, ಹುಡುಗಿ ಒಬ್ಬಳೇ ಬರುವುದು. ಬಂದರೆ ಸರಿ, ಇಲ್ಲದಿದ್ದರೆ ಭಾನುವಾರ ಸೋದರಮಾವ ಬಂದು ಕರೆದುಕೊಂಡು ಹೋಗುತ್ತಾನೆ. ಅಮ್ಮನದು ಒಂದೇ ಬೇಡಿಕೆ: ಹುಡುಗಿಗೆ ಗೊತ್ತಾಗದಂತೆ ಟೀಚರು ಹಿಂದೆ ಹಿಂದೆ ಬರಬೇಕು. ಟೀಚರು ಒಪ್ಪಿಕೊಂಡಳು. ಒಪ್ಪಿಕೊಳ್ಳುವಾಗ ತಾನೆಂಥವಳು ಅನ್ನುವುದನ್ನು ಅನುಕೂಲಕ್ಕೆ ಮರೆತಳು.

ಶುಕ್ರವಾರ ಸಂಜೆ ಹುಡುಗಿ ಗೇಟಿನ ಕಂಬಕ್ಕೆ ಬೆನ್ನು ಕೊಟ್ಟು ತುಂಬ ಹೊತ್ತು ನಿಂತಳು. ಆಮೇಲೆ ನಕ್ಷೆ ಬಿಚ್ಚಿ, ಅದನ್ನು ರಸ್ತೆಯ ದಿಕ್ಕಿಗೆ ತಿರುಗಿಸಿ, ಒಂದು ಕಾಲು ಆಚೆ ಇಟ್ಟಳು. ಟೀಚರು ಕೈಚೀಲ ಎದೆಗವಚಿಕೊಂಡು ಕಳ್ಳಿಯ ಹಾಗೆ ಹಿಂದೆ ಬಿದ್ದಳು. ಎಲ್ಲಿ ತಪ್ಪಿಸಿಕೊಳ್ಳುತ್ತಾಳೋ ಅಂತ ತೀರ ಹತ್ತಿರದಲ್ಲೇ ನಡೆದಳು. ಬೇಕರಿಯ ವಾಸನೆ ಬಂತು. ಮೆಷಿನ್ನಿನ ಸದ್ದು ಬಂತು. ಎಲ್ಲ ಹೂವೆತ್ತಿದಷ್ಟು ಸಲೀಸಾಗಿ ನಡೆಯುತ್ತಿತ್ತು.

ಬೆಕ್ಕಿನ ಹೆಜ್ಜೆ ದಾಟಿ ತಿರುವು ಬಂದಾಗ ನೋಡಿದರೆ, ಬೀದಿಯನ್ನು ಉದ್ದಕ್ಕೂ ಅಗೆದು ಹಾಕಿದ್ದಾರೆ. ನೀರಿನ ಪೈಪು ಹಾಕುವ ಕೆಲಸ. ಬೆಳಿಗ್ಗೆ ಇರಲಿಲ್ಲ, ಈಗ ಮಣ್ಣಿನ ಗುಡ್ಡೆ ಇಡೀ ಬೀದಿಯನ್ನು ನುಂಗಿದೆ. ಮುಚ್ಚಳವಿಲ್ಲ, ಒಡೆದ ಮೂಲೆಯಿಲ್ಲ, ದಾಟಲು ದಾರಿಯೂ ಇಲ್ಲ. ಹುಡುಗಿ ನಿಂತುಬಿಟ್ಟಳು. ಮಣ್ಣನ್ನೇ ನೋಡುತ್ತಾ ನಿಂತಳು. ಟೀಚರಿಗೆ ಓಡಿಹೋಗಿ ಕೈ ಹಿಡಿಯೋಣವೆನಿಸಿತು. ಹಿಡಿದರೆ ಭಾನುವಾರ ಸೋದರಮಾವ ಬರುತ್ತಾನೆ. ತುಟಿ ಕಚ್ಚಿಕೊಂಡು ಒಂದು ಲಾರಿಯ ಹಿಂದೆ ಅವಿತಳು.

ಹುಡುಗಿ ನಿಧಾನವಾಗಿ ತಲೆ ಎತ್ತಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಮನೆಗಳ ತಾರಸಿಗಳ ಮೇಲೆ ಕಣ್ಣಾಡಿಸಿದಳು. ನಕ್ಷೆಯನ್ನು ಒಂದು ಸುತ್ತು ತಿರುಗಿಸಿ ಹಿಡಿದಳು. ಟೀಚರಿಗೆ ಕಣ್ಣು ತುಂಬಿ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು ಲಾರಿಯ ಹಿಂದಿಂದ ಇಣುಕಿದರೆ, ಹುಡುಗಿ ಇಲ್ಲ.

ಪಕ್ಕದಲ್ಲಿ ಒಂದು ಸಂದಿ, ಅದರಾಚೆ ಇನ್ನೊಂದು. ಯಾವುದರಲ್ಲಿ ಹೋದಳು? ಟೀಚರು ಮೊದಲನೆಯದರಲ್ಲಿ ನುಗ್ಗಿದಳು, ಅಲ್ಲಿಂದ ತಿರುಗಿ ಮತ್ತೊಂದಕ್ಕೆ ಹೊಕ್ಕಳು. ಒಗೆದ ಬಟ್ಟೆ ನೇತುಹಾಕಿದ ಒಂದು ಹಿತ್ತಲಿಗೆ ಬಂದು ನಿಂತಳು. ಯಾವ ಕಡೆಯಿಂದ ಬಂದೆ ಅನ್ನುವುದೂ ಈಗ ಗೊತ್ತಾಗಲಿಲ್ಲ. ಹುಡುಗಿ ಕಳೆದುಹೋದಳು, ಕಾವಲಿಗೆ ಬಂದ ತಾನೂ ಕಳೆದುಹೋದಳು. ಆಗಲೇ ಚೀಲದಲ್ಲಿ ಫೋನು ಬಡಿದುಕೊಂಡಿತು. ಹುಡುಗಿಯ ಅಮ್ಮ. ಟೀಚರು ಆ ಹೆಸರನ್ನೇ ನೋಡುತ್ತಾ ನಿಂತಳು. ಏನಂತ ಹೇಳುವುದು? ಸುಳ್ಳು ಹೇಳುವ ಹಾಗಿಲ್ಲ. ಎತ್ತಿ, ನಿಜ ಹೇಳಿ, ಬೈಸಿಕೊಳ್ಳುವುದೇ ಸರಿ ಅಂತ ಬೆರಳು ಒತ್ತಿದಳು.

"ಟೀಚರ್, ಇಲ್ಲಿದೀರಾ" ಅಂತ ಹಿಂದಿಂದ ದನಿ ಬಂತು.

ನೆಲನೋಡಿ ನಿಂತಿದ್ದಳು. ಕೈಯಲ್ಲಿ ನಕ್ಷೆ.

"ನೀನು... ಮನೆಗೆ ಹೋಗ್ಲಿಲ್ವಾ?"

"ಹೋಗ್ತಿದ್ದೆ. ನೀಲಿ ಟ್ಯಾಂಕ್ ಕಾಣ್ತು. ಆದ್ರೆ ನಿಮ್ಮ ನೆರಳು ಕಾಣ್ಲಿಲ್ಲ. ಅದಕ್ಕೆ ವಾಪಸ್ ಬಂದೆ."

"ನನ್ನ ನೆರಳಾ?"

"ಗೇಟಿಂದ ನನ್ನ ಕಾಲಿನ ಹತ್ತಿರಾನೇ ಬರ್ತಿತ್ತಲ್ಲ ಟೀಚರ್. ಚೀಲ ಇಟ್ಕೊಂಡಿರೋ ನೆರಳು."

ಟೀಚರು ಹಣೆ ಚಚ್ಚಿಕೊಂಡಳು. ಕ್ಲಾಸಿಗೆಲ್ಲ ಕೋಲು ನೆಟ್ಟು ನೆರಳಿನ ಪಾಠ ಮಾಡಿದ ಮಹಾತಾಯಿ, ಸಂಜೆ ಸೂರ್ಯನಿಗೆ ಬೆನ್ನು ಹಾಕಿ ನಡೆದರೆ ತನ್ನ ನೆರಳು ಮುಂದೆ ಹೋಗಿ ಚಾಡಿ ಹೇಳುತ್ತದೆ ಅಂತ ಯೋಚಿಸಿರಲಿಲ್ಲ. ಅಂದರೆ ಹುಡುಗಿ ಒಬ್ಬಳೇ ಬರಲಿಲ್ಲ. ಹಿಂದೆ ಜನ ಇದೆ ಅಂತ ಗೊತ್ತಿದ್ದೇ ಬಂದಳು. ಪರೀಕ್ಷೆ ಕೆಟ್ಟಿತು.

"ಟೀಚರ್? ಟೀಚರ್, ಮಾತಾಡಿ" ಅಂತ ಫೋನಿನೊಳಗೆ ಅಮ್ಮ ಕೂಗುತ್ತಿದ್ದಳು.

"ನಿಮ್ಮಮ್ಮ" ಅಂತ ಟೀಚರು ಫೋನಿಗೆ ಕೈ ಅಡ್ಡ ಹಿಡಿದಳು. "ಪುಟ್ಟಿ, ನಂಗೆ ಇಲ್ಲಿಂದ ಬಸ್ ಸ್ಟಾಪಿಗೆ ಹೋಗೋದು ಗೊತ್ತಿಲ್ಲ. ಆಟಕ್ಕೆ ಹೇಳ್ತಿಲ್ಲ, ನಿಜವಾಗ್ಲೂ ಗೊತ್ತಿಲ್ಲ. ನಂಗೆ ಯಾವಾಗ್ಲೂ ಹೀಗೇ ಆಗತ್ತೆ."

ಹುಡುಗಿ ಅವಳನ್ನು ದಿಟ್ಟಿಸಿ ನೋಡಿದಳು. ನೆಲವನ್ನಲ್ಲ, ಮುಖವನ್ನು. "ನಿಮಗೂನಾ?" ಅಂದಳು. ಆಮೇಲೆ, "ಬನ್ನಿ, ನಾನು ಬಿಟ್ಟು ಬರ್ತೀನಿ" ಅಂತ ಕೈ ಚಾಚಿದಳು.

"ಅಮ್ಮ, ಇವಳು ನನ್ನ ಜೊತೆ ಇದಾಳೆ" ಅಂತ ಟೀಚರು ಫೋನಿನಲ್ಲಿ ಹೇಳಿದಳು. "ದಾರಿ ತಪ್ಪಿದ್ದು ಇವಳಲ್ಲ, ನಾನು. ನನ್ನನ್ನ ಶಾಲೆ ಹತ್ತಿರ ಬಿಟ್ಟು ಬರ್ತಾಳಂತೆ."

"ಆಮೇಲೆ?" ಅಂದಳು ಅಮ್ಮ.

"ಆಮೇಲೆ ಅಲ್ಲಿಂದ ಒಬ್ಬಳೇ ಬರ್ತಾಳೆ. ಹಿಂದೆ ಯಾರೂ ಇರಲ್ಲ. ನೀವು ಹೂಂ ಅಂದ್ರೆ."

ಫೋನಿನಲ್ಲಿ ಹಿಂದೆ ಅಜ್ಜಿಯ ವಾಕರ್ ಟಕಟಕ ಅಂದದ್ದು ಕೇಳಿತು. "ಕಳಿಸೇ" ಅಂದ ಅಜ್ಜಿಯ ದನಿಯೂ ಕೇಳಿತು.

"ಕಳಿಸಿ ಟೀಚರ್" ಅಂದಳು ಅಮ್ಮ.

ಹುಡುಗಿ ಟೀಚರ ಕೈ ಹಿಡಿದು ನಡೆಸಿಕೊಂಡು ಬಂದಳು. "ಇಲ್ಲಿ ಗುಂಡಿ ಇದೆ, ಹುಷಾರು" ಅಂತ ನಡುನಡುವೆ ಅಂದಳು. ಶಾಲೆಯ ಎದುರಿನ ಬಸ್ ಸ್ಟಾಪು ಬಂದಾಗ ಕೈ ಬಿಡಿಸಿಕೊಂಡು, "ಹೋಗ್ತೀನಿ" ಅಂತ ತಿರುಗಿ ಹೊರಟಳು. ಬೇಕರಿಯ ತನಕ ಅವಳ ಚೀಲ ಕಂಡಿತು, ಆಮೇಲೆ ಕಾಣಲಿಲ್ಲ. ಹಿಂದೆ ಹೋಗಲೇ ಅಂತ ಟೀಚರಿಗೆ ಕಾಲು ತುರಿಸಿತು. ಹೋದರೆ ಮತ್ತೆ ಹುಡುಗಿಗೇ ಹುಡುಕುವ ಕೆಲಸ. ಸುಮ್ಮನೆ ನಿಂತಳು. ಬಸ್ಸು ಬಂತು, ಹತ್ತಲಿಲ್ಲ. ಇನ್ನೊಂದು ಬಂತು, ಅದನ್ನೂ ಬಿಟ್ಟಳು. ಬಿಸಿಲು ಗೋಡೆ ಹತ್ತಿ ಮಾಯವಾಯಿತು. ಕಂಡಕಂಡ ದೇವರಿಗೆಲ್ಲ ಮನಸ್ಸಿನಲ್ಲೇ ಕೈ ಮುಗಿದಳು.

ಫೋನು ಬಡಿದುಕೊಂಡಿತು.

"ಬಂದಳು ಟೀಚರ್" ಅಂದಳು ಅಮ್ಮ. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ಬಾಗಿಲು ತೆಗೆದು, ಯಾರು ಬಿಟ್ಟು ಹೋದ್ರು ನಿನ್ನ ಅಂದೆ. ಯಾರೂ ಇಲ್ಲ, ನಾನೇ ಟೀಚರ್‌ನ ಬಿಟ್ಟು ಬಂದೆ ಅಂತಾಳೆ. ನಮ್ಮಣ್ಣಂಗೆ ಈಗ್ಲೇ ಫೋನ್ ಮಾಡಿ, ಭಾನುವಾರ ಬರೋದಾದ್ರೆ ಸುಮ್ಮನೆ ಊಟಕ್ಕೆ ಬಾ ಅಂತ ಹೇಳ್ತೀನಿ."

ಟೀಚರು ಬಸ್ ಸ್ಟಾಪಿನ ಕಂಬ ಹಿಡಿದುಕೊಂಡು ಮುಸಿಮುಸಿ ಅತ್ತಳು. ಪಕ್ಕದಲ್ಲಿದ್ದವರು ಸ್ವಲ್ಪ ಸರಿದು ನಿಂತರು.

"ಇರಿ, ಅವಳು ಏನೋ ಕೇಳ್ತಿದಾಳೆ" ಅಂತ ಅಮ್ಮ ಫೋನು ಕೊಟ್ಟಳು.

"ಟೀಚರ್, ಬಸ್ ಹತ್ತಿದ್ರಾ?"

"ಇನ್ನೂ ಇಲ್ಲಮ್ಮ."

"ರಸ್ತೆಯ ಯಾವ ಕಡೆ ನಿಂತಿದೀರಾ?"

ಟೀಚರು ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಎರಡೂ ಕಡೆ ಸ್ಟಾಪು, ಎರಡೂ ಕಡೆ ಜನ. "ಗೊತ್ತಾಗ್ತಿಲ್ಲ ಪುಟ್ಟಿ" ಅಂದಳು.

"ನೆಲ ನೋಡಿ ಟೀಚರ್. ನಿಮ್ಮ ಬಸ್ಸು ಬರೋ ಕಡೆ ಒಂದು ಕೆಂಪು ಕಲ್ಲಿದೆ, ಮೂಲೆ ಮುರಿದಿರೋದು. ದಿನಾ ನೀವು ಅದರ ಹತ್ತಿರ ನಿಂತಿರ್ತೀರಲ್ಲ, ನಾನು ಗೇಟಿಂದ ನೋಡಿದೀನಿ. ಇದೆಯಾ?"

ಭೂಗೋಳದ ಟೀಚರು ಕಣ್ಣೊರೆಸಿಕೊಂಡು ತಲೆ ತಗ್ಗಿಸಿದಳು. ಇಷ್ಟು ವರ್ಷ ಅದರ ಪಕ್ಕದಲ್ಲೇ ನಿಂತಿದ್ದಳು.

"ಇದೆ" ಅಂದಳು.

"ಹಾಗಾದ್ರೆ ಅಲ್ಲೇ ನಿಂತ್ಕೊಳ್ಳಿ" ಅಂದಳು ನೆಲನೋಡಿ.